ಮುಂಬೈ ಕಚೇರಿಯಲ್ಲಿ ಹೇಳಿದ ಒಡಪು

ಬಾಯಿದ್ದವ ಬರದಲ್ಲೂ ಬದುಕಿದ ಎನ್ನುವ ಗಾದೆಯನ್ನು ಯಾರೋ ತನ್ನನ್ನು ನೋಡಿಯೇ ಕಟ್ಟಿದ್ದಾರೆ ಎಂದು ಇಳಕಲ್ಲಿನ ಸಿದ್ದಲಿಂಗವ್ವ ಬಹಳ ವರ್ಷ ನಂಬಿಕೊಂಡಿದ್ದಳು. ನಂಬುವುದಕ್ಕೆ ಕಾರಣವೂ ಇತ್ತು. ನೇಕಾರರ ಓಣಿಯಲ್ಲಿ ಮದುವೆಯಿರಲಿ, ಬಸುರಿಯ ಕುಬಸವಿರಲಿ, ಕೂಸನ್ನು ತೊಟ್ಟಿಲಿಗೆ ಹಾಕುವುದಿರಲಿ, ಒಡಪು ಹೇಳುವ ಹೊತ್ತು ಬಂತೆಂದರೆ ಹೆಂಗಸರೆಲ್ಲ ಇವಳ ಕಡೆ ತಿರುಗುತ್ತಿದ್ದರು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಅದಕ್ಕೆ ಪ್ರಾಸ ಹಾಕಿ ಮೂರೋ ನಾಲ್ಕೋ ಸಾಲು ಕಟ್ಟಿ, ಆ ಸಾಲುಗಳ ನಡುವೆ ಹೆಸರನ್ನು ಹುದುಗಿಸಿ ಹೇಳಬೇಕು. ಅದೇ ಒಡಪು. ಹೇಳುವುದಕ್ಕೂ ಒಂದು ರೀತಿ ಉಂಟು. ಕೇಳಿದ ಕೂಡಲೇ ಹೇಳಿಬಿಡುವವಳು ಗಯ್ಯಾಳಿ. ಮೊದಲ ಸಲ ಕೇಳಿದಾಗ ತಲೆ ತಗ್ಗಿಸಬೇಕು, ಎರಡನೆಯ ಸಲ ನಕ್ಕು ಸೆರಗು ಸರಿಮಾಡಿಕೊಳ್ಳಬೇಕು, ಮೂರನೆಯ ಸಲ ನಾಲ್ಕು ಮಂದಿ "ಹೇಳ, ಹೇಳ" ಎಂದು ತಿವಿದಾಗ ಮಾತ್ರ ಬಾಯಿ ಬಿಡಬೇಕು. ಈ ರೀತಿಯಲ್ಲಿ ಸಿದ್ದಲಿಂಗವ್ವ ಪಳಗಿದವಳು. ಅವಳ ಒಡಪು ಓಣಿಯ ಹುಡುಗಿಯರಿಗೆಲ್ಲ ಬಾಯಿಪಾಠವಾಗಿತ್ತು:

ಇಳಕಲ್ಲ ಸೀರಿಗಿ ಕೆಂಪು ರೇಶಿಮಿ ಸೆರಗ,
ಗುಳೇದಗುಡ್ಡದ ಖಣಕ್ಕ ಕರಿ ಅಂಚಿನ ಮೆರಗ,
ಕಾಶಪ್ಪನವರು ಹಾದು ಹೋದ್ರ ಓಣಿಗೆಲ್ಲಾ ಬೆರಗ!

ಈ ಕಾಶಪ್ಪನವರು ನಿಜವಾಗಿ ಹಾದು ಹೋದರೆ ಓಣಿಯ ನಾಯಿಯೂ ಕಣ್ಣು ತೆರೆದು ನೋಡುತ್ತಿರಲಿಲ್ಲ. ಬಡಕಲು ಮೈ, ಇಷ್ಟುದ್ದ ಮೂಗು, ದಿನಕ್ಕೆ ಹತ್ತು ಮಾತಾಡಿದರೆ ಹಬ್ಬ. ಮಗ್ಗದ ಕೆಲಸದಲ್ಲಿ ಮಾತ್ರ ಭಲೇ ಗಟ್ಟಿಗ. ಪಕ್ಕದ ಮನೆಯ ಮಗ್ಗದ ಸದ್ದು ಕೇಳಿಯೇ ಅದರಲ್ಲಿ ಏನು ಸಡಿಲಾಗಿದೆ ಎಂದು ಕೂತಲ್ಲಿಂದ ಹೇಳುತ್ತಿದ್ದ. ಆದರೆ ಗಂಡನನ್ನು ಇದ್ದ ಹಾಗೆ ಹೇಳಿದರೆ ಅದಕ್ಕೆ ಒಡಪು ಅನ್ನುತ್ತಾರೆಯೇ?

೧೯೬೭ರಲ್ಲಿ ಇಬ್ಬರ ಮದುವೆಯಾಯಿತು. ಕಾಶಪ್ಪ ಮೊದಲು ಸೊಲ್ಲಾಪುರದ ಗಿರಣಿಗೆ ಹೋದ, ಅಲ್ಲಿಂದ ಮುಂಬೈ ಗಿರಣಿಗೆ. ೧೯೭೦ರಲ್ಲಿ ಮುಂಬೈ ಗಿರಣಿಯ ಒಬ್ಬ ಹಿರಿಯ ಮೇಸ್ತ್ರಿ ಇಂಗ್ಲೆಂಡಿನ ನೂಲಿನ ಗಿರಣಿಗೆ ಹೊರಟವನು ಇವನ ಕೈಗುಣ ನೋಡಿ ಇವನಿಗೂ ಪರವಾನಗಿ ಕೊಡಿಸಿದ. ಹೋಗುವ ದಿನ ಕಾಶಪ್ಪ ಹೆಂಡತಿಗೆ ಆಡಿದ್ದು ಒಂದೇ ಮಾತು: "ವರ್ಷದೊಳಗ ಕರಸ್ಕೋತೇನಿ." ಅವನು ಸುಳ್ಳು ಹೇಳುವವನಲ್ಲ. ಆದರೆ ಇಂಗ್ಲೆಂಡಿನ ವರ್ಷಕ್ಕೂ ಇಳಕಲ್ಲಿನ ವರ್ಷಕ್ಕೂ ತಾಳೆ ಬೀಳಲಿಲ್ಲ. ಮೊದಲು ಅಲ್ಲಿ ಇಂತಿಷ್ಟು ದಿನ ದುಡಿದಿರಬೇಕು, ಆಮೇಲೆ ಇರಲು ಮನೆ ತೋರಿಸಬೇಕು, ಆಮೇಲೆ ಅರ್ಜಿ, ಅರ್ಜಿಯ ಮೇಲೆ ಅರ್ಜಿ. ಒಮ್ಮೆ ಬಂದು ಮುಖವನ್ನಾದರೂ ತೋರಿಸಿ ಹೋಗು ಎಂದು ತಾಯಿ ಬರೆಸಿದಳು. "ನಾ ಬಂದು ಹೋಗೋ ಖರ್ಚಿನ್ಯಾಗ ಆಕಿನ್ನ ಕರಸ್ಕೋಬಹುದು" ಎಂದು ಅವನು ಉತ್ತರ ಬರೆದ. ಹೀಗೇ ಆರು ವರ್ಷ ಕಳೆದವು.

ಆರು ವರ್ಷದಲ್ಲಿ ಓಣಿಯ ಬಾಯಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ನೀಲಾಬಾಯಿ ಒಂದು ದಿನ ನೀರು ಸೇದುತ್ತ, "ಅಲ್ಲೆ ಬಿಳೀ ಹೇಣ್ತಿ ಮಾಡ್ಕೊಂಡಿರಬೇಕ ತಗೊ" ಎಂದಳು. "ಆಕಿಗೂ ಒಂದ ಒಡಪ ಕಲಿಸಿಕೊಡತೇನಿ, ಕಳಸ್ರಿ" ಎಂದು ಸಿದ್ದಲಿಂಗವ್ವ ಅಲ್ಲೇ ಬಾಯಿ ಮುಚ್ಚಿಸಿದಳು. ಮನೆಗೆ ಬಂದು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವಾಗ ನೂಲು ಮೂರು ಸಲ ಕಡಿಯಿತು. ಅವಳಿಗೆ ಇಂಗ್ಲೆಂಡು ಬೇಕಾಗಿರಲಿಲ್ಲ, ಅಲ್ಲಿನ ಹಿಮ ನೋಡುವ ಆಸೆ ಇರಲಿಲ್ಲ. ಗಂಡ ಬೇಕಾಗಿತ್ತು. ಅಷ್ಟೇ.

೧೯೭೬ರಲ್ಲಿ ಕಡೆಗೂ ಕಾಶಪ್ಪನ ಕಾಗದ ಬಂತು: ಇಲ್ಲಿನದೆಲ್ಲ ಆಯಿತು, ಇನ್ನು ನೀವು ಅಲ್ಲಿ ಪಾಸ್‌ಪೋರ್ಟ್ ಮಾಡಿಸಿ, ಮುಂಬೈಗೆ ಹೋಗಿ ವೀಸಾ ಪಡೆಯಬೇಕು. ಆ ಎರಡು ಶಬ್ದಗಳನ್ನು ಹಿಡಿದುಕೊಂಡು ಸಿದ್ದಲಿಂಗವ್ವ, ಗುಳೇದಗುಡ್ಡದಿಂದ ಬಂದ ತನ್ನ ಅಣ್ಣ ಹುಲ್ಲಪ್ಪನ ಜೊತೆ ಹುನಗುಂದಕ್ಕೆ ಹೋದಳು. ಅಲ್ಲಿ ತಹಶೀಲ್ದಾರ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಸಂಗಯ್ಯ ಕೂರುತ್ತಿದ್ದ. ಸಂಗಯ್ಯ ತನ್ನ ಜೀವಮಾನದಲ್ಲಿ ಬಾದಾಮಿಯ ಬನಶಂಕರಿಯಿಂದ ಆಚೆ ಹೋದವನಲ್ಲ. ಆದರೆ ಪರದೇಶದ ಕಾಯಿದೆ ಹೇಳಲು ಕೂತನೆಂದರೆ ನಿನ್ನೆ ತಾನೇ ವಿಮಾನ ಇಳಿದು ಬಂದವನ ಗತ್ತು.

"ನೋಡವಾ ತಂಗಿ, ಪಾಸ್‌ಪೋರ್ಟ್ ಅಂದ್ರ ನಮ್ಮ ಸರಕಾರ ಹೋಗ ಅನ್ನೋದು. ವೀಸಾ ಅಂದ್ರ ಅವರ ಸರಕಾರ ಬಾ ಅನ್ನೋದು. ಹೋಗ ಅನ್ನೋರು ಭಾಳ ಮಂದಿ ಸಿಗತಾರ. ಬಾ ಅನ್ನೋರು ಪುರಾವೆ ಕೇಳತಾರ."

ಆ ಪುರಾವೆಗಾಗಿ ಅವಳು ಪಟ್ಟ ಪಾಡು ಒಂದೆರಡಲ್ಲ. ಫೋಟೋ ತೆಗೆಸಲು ಹೋದಾಗ ಮರ್ಯಾದೆಯಿಂದ ಸೆರಗನ್ನು ಹಣೆಯವರೆಗೂ ಎಳೆದು ಕೂತಳು. ತೊಳೆದು ಬಂದ ಫೋಟೋದಲ್ಲಿ ಒಂದು ಸೀರೆ, ಒಂದು ಗದ್ದ ಮಾತ್ರ ಇತ್ತು. ಮತ್ತೆ ತೆಗೆಸಿದರು. ವಿಚಾರಣೆಗೆಂದು ಪೊಲೀಸಿನವನು ಮನೆಗೆ ಬಂದಾಗ ಓಣಿಯೆಲ್ಲ ನೆರೆಯಿತು, ಈಕೆ ಏನು ಕದ್ದಳೋ ಎಂದು. ಎದೆಯ ಎಕ್ಸರೇ ತೆಗೆಸಲು ಬಾಗಲಕೋಟೆಯ ದವಾಖಾನೆಗೆ ಹೋದರು. ಸಿಡುಬಿನ ಲಸಿಕೆ ಹಾಕಿಸಿಕೊಂಡು ಮೂರು ದಿನ ತೋಳು ಎತ್ತಲಾಗದೆ ಕೂತಳು. ಮದುವೆಯ ಸರ್ಟಿಫಿಕೇಟು ಬೇಕೆಂದಾಗ ಮಾತ್ರ ಎಲ್ಲರೂ ಬೆಪ್ಪಾದರು. ಮದುವೆಗೆ ಸಾವಿರ ಮಂದಿ ಉಂಡಿದ್ದರು, ಒಬ್ಬನೂ ಕಾಗದ ಬರೆದಿರಲಿಲ್ಲ. ಸಂಗಯ್ಯ ಸ್ಟಾಂಪ್ ಕಾಗದದ ಮೇಲೆ ಪ್ರಮಾಣಪತ್ರ ಬರೆದು, ಮಠದ ಸ್ವಾಮಿಗಳ ಸಹಿ ಹಾಕಿಸಿ ದಾರಿ ಮಾಡಿದ. ಕಡೆಯದಾಗಿ ಬುದ್ಧಿ ಹೇಳಿದ: "ಕೇಳಿದ್ದಕ್ಕ ಅಷ್ಟ ಉತ್ತರಾ ಕೊಡಬೇಕವಾ. ಹೆಚ್ಚಿಗಿ ಮಾತಾಡಬ್ಯಾಡ."

"ಅಯ್ನಾರ, ಮಾತಿನ ಬಗ್ಗೆ ನನಗ ಹೇಳಬ್ಯಾಡ್ರಿ. ಅದೊಂದ ಬಿಟ್ಟು ಬ್ಯಾರೆ ಏನರ ಹೇಳ್ರಿ" ಎಂದಳು ಸಿದ್ದಲಿಂಗವ್ವ. ಮುಂದೆ ಈ ಕಥೆಯನ್ನು ತಾನೇ ಹೇಳುವಾಗ ಈ ಮಾತು ಬಂತೆಂದರೆ ಅವಳು ತನ್ನ ತಲೆಗೆ ತಾನೇ ಒಂದು ಮೊಟಕಿಕೊಳ್ಳುತ್ತಿದ್ದಳು.

ಅಣ್ಣ ತಂಗಿ ಬಾಗಲಕೋಟೆಯಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಬದಲಿಸಿ, ಮುಂಬೈಯಲ್ಲಿ ಇಳಿದರು. ಕೈಯಲ್ಲಿ ಕಾಗದದ ಚೀಲ, ಬಗಲಲ್ಲಿ ಸಾಹೇಬನಿಗೆಂದು ಅಮೀನಗಡದ ಕರದಂಟು ಎರಡು ಸೇರು. ಬರಿಗೈಲಿ ಹೋಗಿ ಗಂಡನ ದೇಶ ಕೇಳುವುದೇ? ಇಂಗ್ಲೆಂಡಿನವರ ಕಚೇರಿಯ ಬಾಗಿಲಲ್ಲಿದ್ದ ಜವಾನ ಕರದಂಟನ್ನು ಒಳಗೆ ಬಿಡಲಿಲ್ಲ. ಹುಲ್ಲಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕೂತ. ಸಿದ್ದಲಿಂಗವ್ವ ಒಬ್ಬಳೇ ಒಳಗೆ ಹೋದಳು.

ಮೇಜಿನ ಆಚೆ ಒಬ್ಬ ಬಿಳಿ ಸಾಹೇಬ, ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ದುಭಾಷಿ. ದುಭಾಷಿ ಸಮುದ್ರದ ಕಡೆಯವನು, ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಿದ್ದ. "ಅಮ್ಮಾ, ನೀವು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ತಿಳಿಸುವುದಷ್ಟೇ ನನ್ನ ಕೆಲಸ. ನಾನು ಏನನ್ನೂ ಸೇರಿಸುವ ಹಾಗಿಲ್ಲ" ಎಂದು ಮೊದಲೇ ಹೇಳಿದ. ಸಾಹೇಬ ಫೈಲು ತೆರೆದ.

"ನಿಮ್ಮ ಯಜಮಾನರ ಹೆಸರೇನು?"

ಆಹಾ! ಸಿದ್ದಲಿಂಗವ್ವನ ಎದೆ ಹಿಗ್ಗಿತು. ಇಷ್ಟು ದೊಡ್ಡ ಕಚೇರಿಯಲ್ಲಿ ಕೇಳುವುದು ಇದನ್ನೇ ಎಂದು ಗೊತ್ತಿದ್ದರೆ ಆರು ತಿಂಗಳಿಂದ ಅಷ್ಟು ಹೆದರುತ್ತಿರಲಿಲ್ಲ. ರೀತಿಯ ಪ್ರಕಾರ ತಲೆ ತಗ್ಗಿಸಿದಳು.

"ಅಮ್ಮಾ, ನಿಮ್ಮ ಗಂಡನ ಹೆಸರನ್ನು ಹೇಳಿ."

ನಕ್ಕಳು. ಸೆರಗು ಸರಿಮಾಡಿಕೊಂಡಳು. ಒಡಪು ನಾಲಿಗೆಯ ತುದಿಗೆ ಬಂದು ಕೂತಿತ್ತು. ಇನ್ನು ಮೂರನೆಯ ಸಲ ಕೇಳುವುದೊಂದೇ ಬಾಕಿ. ಸಾಹೇಬ ಇವಳ ಮುಖ ನೋಡಿದ, ಗಡಿಯಾರ ನೋಡಿದ, ಫೈಲಿನಲ್ಲಿ ಏನೋ ಬರೆದ, ದುಭಾಷಿಯ ಕಡೆ ತಿರುಗಿ ಮುಂದಿನ ಪ್ರಶ್ನೆ ಹೇಳಿದ. ದುಭಾಷಿ "ನಿಮ್ಮ ಮಾ..." ಎಂದು ಬಾಯಿ ತೆರೆದನೋ ಇಲ್ಲವೋ, ಅವನನ್ನು ಪೂರ್ತಿ ಕೇಳುವಷ್ಟು ತಾಳ್ಮೆ ಅವಳಲ್ಲಿ ಎಲ್ಲಿತ್ತು? ಮದುವೆ ಮನೆಯಲ್ಲಿ ಹಿಂದಿನ ಸಾಲಿನವರಿಗೂ ಕೇಳಬೇಕೆಂದು ಏರಿಸುವ ದನಿಯಲ್ಲಿ, ಇಳಕಲ್ಲ ಸೀರೆಯಿಂದ ಓಣಿಯ ಬೆರಗಿನ ತನಕ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಪಕ್ಕದ ಕೋಣೆಯ ಗುಮಾಸ್ತ ಬಾಗಿಲಲ್ಲಿ ಇಣುಕಿದ.

ದುಭಾಷಿ ಕನ್ನಡಕ ತೆಗೆದು ಒರೆಸಿಕೊಂಡ. ಅವನ ಊರ ಕಡೆ ಇಂಥ ರೂಢಿ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ತಿಳಿಸಬೇಕಲ್ಲ, ಸೀರೆ, ಸೆರಗು, ಖಣ, ಕರಿ ಅಂಚು ಎಲ್ಲವನ್ನೂ ಒಂದೊಂದಾಗಿ ಸಾಹೇಬನ ಮುಂದೆ ಬಿಚ್ಚಿಟ್ಟ. ಸಾಹೇಬ ಬಹಳ ಹೊತ್ತು ಯೋಚಿಸಿ ಒಂದು ಪ್ರಶ್ನೆ ಕೇಳಿದ. ದುಭಾಷಿ ಅದನ್ನು ಸಂಕೋಚಪಡುತ್ತ ಇಳಿಸಿದ: "ಅವರು ಹಾದು ಹೋದಾಗ ಓಣಿಯವರಿಗೆ ಏಕೆ ಆಶ್ಚರ್ಯವಾಯಿತು ಎಂದು ಕೇಳುತ್ತಿದ್ದಾರೆ. ಅವರು ಆ ಓಣಿಯಲ್ಲಿ ವಾಸವಾಗಿರಲಿಲ್ಲವೇ?"

"ಅಯ್ಯ, ಅದು ಹಂಗ ಅನ್ನೋದ್ರಿ!"

ಫೈಲಿಗೆ ಅದೂ ಹೋಯಿತು. ಮುಂದೆ ಭಾವನ ಹೆಸರು ಕೇಳಿದರು. ಗಂಡನ ಅಣ್ಣನ ಹೆಸರನ್ನೂ ಹೇಳಬಾರದು, ಅದಕ್ಕೆ ಒಡಪಿನ ಸವಲತ್ತೂ ಇಲ್ಲ.

"ಅದನ್ನ ಹೇಳಂಗಿಲ್ರಿ."

"ಗೊತ್ತಿಲ್ಲವೇ?"

"ಗೊತ್ತೈತ್ರಿ. ಹೇಳಂಗಿಲ್ಲ."

"ಮದುವೆಯಾದ ತಾರೀಖು?"

"ಬಸವ ಜಯಂತಿ ಆಗಿ ಮೂರನೇ ದಿನಾರಿ."

ಮನೆತನದ ಮರ್ಯಾದೆಯನ್ನು ಪರದೇಶದವರ ಮುಂದೆ ಕಾಪಾಡಿದೆ ಎಂಬ ಹೆಮ್ಮೆಯಿಂದ ಅವಳು ಹೊರಗೆ ಬಂದಳು. "ಅಣ್ಣಾ, ಸಾಹೇಬ ಬಾಯಿ ತಗದ ಕುಂತಿದ್ದ ನೋಡ. ಒಡಪ ಕೇಳಿ ಮತ್ತ ಮ್ಯಾಲ ಪ್ರಶ್ನಿ ಕೇಳಿದ!" ಎಂದಳು. ಕರದಂಟು ಹೇಗೂ ಉಳಿದಿತ್ತು. ವೀಸಾ ಸಿಕ್ಕ ಲೆಕ್ಕವೇ ಎಂದುಕೊಂಡು ಇಬ್ಬರೂ ರೈಲಿನಲ್ಲಿ ಸೊಲ್ಲಾಪುರ ಬರುವಷ್ಟರಲ್ಲಿ ಅದನ್ನು ತಿಂದು ಮುಗಿಸಿದರು.

ಎರಡು ತಿಂಗಳಿಗೆ ಕಾಗದ ಬಂತು. ಅದನ್ನು ಓದಿಸಲು ಹುನಗುಂದಕ್ಕೆ ಹೋಗಬೇಕಾಯಿತು. ಸಂಗಯ್ಯ ಓದಿದ, ತಲೆ ಕೆರೆದುಕೊಂಡ, ಇನ್ನೊಮ್ಮೆ ಓದಿದ.

"ತಂಗಿ, ಗಂಡನ ಹೆಸರ ಎರಡ ಸಲ ಕೇಳಿದ್ರೂ ಹೇಳಲಿಲ್ಲ ಅಂತ ಬರದಾರ. ಮಾವನ ಹೆಸರ ಕೇಳಿದ್ರ ಕಾಶಪ್ಪ ಅಂದ್ಳು ಅಂತ ಬರದಾರ. ಭಾವನ ಹೆಸರ ಹೇಳಂಗಿಲ್ಲ ಅಂದ್ಳಂತ. ಅದಕ್ಕ, ಈ ಲಗ್ನ ಆಗೇತಿ ಅಂತ ತಮಗ ಖಾತ್ರಿ ಆಗಿಲ್ಲ ಅಂತಾರ."

"ಆಗಿಲ್ಲಂದ್ರ? ಅಯ್ನಾರ, ನನ್ನ ಲಗ್ನದಾಗ ನೀವ ಇದ್ರಿ! ಹೋಳಿಗಿ ಊಟಾ ಮಾಡೀರಿ!"

"ನಾ ಹೋಳಿಗಿ ಉಂಡದ್ದು ಪುರಾವೆ ಆಗೂದಿಲ್ಲವಾ" ಎಂದ ಸಂಗಯ್ಯ ಮೆಲ್ಲಗೆ.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಆ ಕಾಗದವನ್ನು ಮಡಚುತ್ತ ಬಿಚ್ಚುತ್ತ ಕೂತಳು. ಒಂಬತ್ತು ವರ್ಷದ ಮದುವೆ ಒಂದು ಹಾಳೆಯಲ್ಲಿ ಅಳಿಸಿ ಹೋಗಿತ್ತು. ಅಳಿಸಿದವರು ಯಾರು? ಸಾಹೇಬನೇ? ಛೇ. ಆ ಪಾಪದವನು ಎರಡು ಸಲ ಕೇಳಿದ್ದ. ಒಂದೇ ಒಂದು ಶಬ್ದ ಕೇಳಿದ್ದ. ಊರಿನ ಹೆಂಗಸರಿಗೆಲ್ಲ ಮಾತು ಕಲಿಸುವ ಈ ಮಹಾ ಶಾಣ್ಯಾಕಿಗೆ ತನ್ನ ಗಂಡನ ಹೆಸರು ಹೇಳುವುದಕ್ಕೆ ಸೀರೆ ಬೇಕಾಯಿತು, ಸೆರಗು ಬೇಕಾಯಿತು, ಖಣ ಬೇಕಾಯಿತು! ನೀಲಾಬಾಯಿ ಆ ವಾರ ಒಂದು ಕೂಸಿನ ತೊಟ್ಟಿಲಿಗೆ ಕರೆಯಲು ಬಂದಾಗ, "ನನಗ ಲಗ್ನಾನ ಆಗಿಲ್ಲಂತ, ಒಡಪ ಯಾರದ ಹೇಳ್ಲಿ?" ಎಂದು ಸಿದ್ದಲಿಂಗವ್ವ ನಕ್ಕಳು. ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು. ನೀಲಾಬಾಯಿಯೂ ಆ ದಿನ ಕೊಂಕು ಆಡಲಿಲ್ಲ.

ಕಾಶಪ್ಪ ತಾಯಿಗೆ ಬರೆದ: "ಇನ್ನೊಂದು ಅರ್ಜಿ ಹಾಕಿದ್ದೇನೆ. ಈ ಸಲವೂ ಆಗಲಿಲ್ಲ ಎಂದರೆ ಮತ್ತೆ ಬಹಳ ವರ್ಷ ಹಿಡಿಯುತ್ತದೆ ಎಂದು ಇಲ್ಲಿನ ವಕೀಲರು ಹೇಳುತ್ತಾರೆ. ನನ್ನ ಹೆಸರು ಹೇಳಿದರೆ ನಾನು ಸಾಯುವುದಿಲ್ಲ ಎಂದು ಆಕೆಗೆ ತಿಳಿಸುವುದು. ಗಿರಣಿಯಲ್ಲಿ ಮೇಸ್ತ್ರಿ ದಿನಕ್ಕೆ ನೂರು ಸಲ ಕೂಗುತ್ತಾನೆ, ಇನ್ನೂ ಜೀವಂತವಾಗಿದ್ದೇನೆ." ಕಾಶಪ್ಪನ ಮಟ್ಟಿಗೆ ಅದೊಂದು ದೊಡ್ಡ ಭಾಷಣ.

ಸಂಗಯ್ಯನೂ ತಾಕೀತು ಮಾಡಿದ. ಒಡಪು ಗಿಡಪು ಏನೂ ಕೂಡದು, ಬರಿ ಹೆಸರು, ಕೇಳಿದ ಕೂಡಲೇ. ಅದೇನು ಮಹಾ ಎಂದುಕೊಂಡಳು ಸಿದ್ದಲಿಂಗವ್ವ. ಹೇಳಲು ಹೋದಾಗ ಗೊತ್ತಾಯಿತು. ಬಾಯಿ ಬೀಗ ಹಾಕಿಕೊಂಡುಬಿಡುತ್ತಿತ್ತು. ರಾಟಿಯ ಮುಂದೆ ಕೂತು ಪ್ರಯತ್ನಿಸಿದಳು, ಆಗಲಿಲ್ಲ. ಮುಂಜಾನೆ ಹೊಲದ ಕಡೆ ಹೋದಾಗ ಯಾರೂ ಇಲ್ಲದ್ದು ನೋಡಿ ಜೋಳದ ಬೆಳೆಗೆ ಹೇಳೋಣವೆಂದು ನಿಂತಳು. "ಕಾ..." ಎಂದಳು. ಬೇಲಿಯ ಮೇಲಿದ್ದ ಕಾಗೆ ಅದಕ್ಕೆ ಉತ್ತರ ಕೊಟ್ಟಿತು. ಚೊಂಬು ಹಿಡಿದುಕೊಂಡು ಓಡಿ ಬಂದಳು. ಆಡುವುದಕ್ಕೇ ಹುಟ್ಟಿದ ನಾಲಿಗೆ, ಮೂರಕ್ಷರಕ್ಕೆ ಮುಗ್ಗರಿಸುತ್ತಿತ್ತು.

ಇದನ್ನೆಲ್ಲ ಅತ್ತೆ ಗುರುಸಿದ್ದವ್ವ ನೋಡುತ್ತಿದ್ದಳು. ಅವಳು ಗಟ್ಟಿ ಹೆಂಗಸು. ಗಂಡ ತೀರಿಹೋದಾಗ ಹಿರಿಯ ಮಗನಿಗೆ ಹತ್ತು ವರ್ಷ, ಕಾಶಪ್ಪನಿಗೆ ಏಳು. ಮಗ್ಗ ನಿಲ್ಲದಂತೆ ನೋಡಿಕೊಂಡು ಇಬ್ಬರನ್ನೂ ಬೆಳೆಸಿದವಳು. ಒಂದು ಮಧ್ಯಾಹ್ನ ಹಿರಿಯ ಮಗ ಪೇಟೆಗೆ ಹೋದಾಗ ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು.

"ಹೇಳ. ನನ್ನ ಮಗನ ಹೆಸರ ಹೇಳ."

"ಎವ್ವಾ, ನಿಮ್ಮ ಮುಂದ ಹೆಂಗ್ ಹೇಳ್ಲಿರಿ? ನನ್ನ ಕೈಲೆ ಆಗೂದಿಲ್ರಿ."

"ನನ್ನ ಮುಂದ ಆಗದಿದ್ರ ಸಾಯೇಬನ ಮುಂದ ಆಕ್ಕೈತೇನ? ಹೇಳಂದ್ನಿ."

"ಅವರಿಗೆ ಏನರ ಆದ್ರ? ದೂರ ದೇಶದಾಗ ಅದಾರ ಎವ್ವಾ. ನನ್ನ ಬಾಯಿಂದ ಏನರ ಆತಂದ್ರ..." ಎಂದಳು ಸಿದ್ದಲಿಂಗವ್ವ. ನಗೆಚಾಟಿಕೆಯ ಅಡಿಯಲ್ಲಿ ಇಷ್ಟು ದಿನ ಮುಚ್ಚಿಟ್ಟ ಭಯ ಅದು.

ಗುರುಸಿದ್ದವ್ವ ಗೋಡೆಯ ಕಡೆ ನೋಡಿದಳು. ಆಮೇಲೆ ಸ್ಪಷ್ಟವಾಗಿ, ಒಂದೊಂದೇ ಅಕ್ಷರ ಇಳಿಸುತ್ತ ಹೇಳಿದಳು:

"ಅಮಾತೆಪ್ಪ."

ಸೊಸೆ ಕಣ್ಣರಳಿಸಿದಳು. ಮಾವನ ಹೆಸರು ಅತ್ತೆಯ ಬಾಯಲ್ಲಿ!

"ಹದಿನಾಲ್ಕ ವರ್ಷ ಬಾಳೇವು ಮಾಡಿದ್ನಿ. ಒಂದ ದಿನಾ ಅಂದಿರಲಿಲ್ಲ. ಜ್ವರದಾಗ ಮಲಗಿದ್ರಲ್ಲ, ಆವಾಗೂ ಅನ್ಲಿಲ್ಲ, ಆಯುಷ್ಯ ಕಡಿಮಿ ಆದೀತು ಅಂತ. ಹೇಳ್ಲಿಲ್ಲ ಅಂತ ಉಳದ್ರೇನ? ನಲವತ್ತ ತುಂಬಿರಲಿಲ್ಲ ಅವರಿಗೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಂದಿದ್ರ ಒಮ್ಮೆರ ಕರದಂಗಾರ ಆಕ್ಕಿತ್ತು. ನೀ ಕರಿ. ಜೀವಂತ ಇರೂದ್ರಾಗ ಕರಿ."

ಆ ಮೇಲೆ ಸಿದ್ದಲಿಂಗವ್ವ ಹೇಳಿದಳು. ಮೊದಲ ಸಲ ಅಳುತ್ತ, ಎರಡನೆಯ ಸಲ ಬಿಕ್ಕುತ್ತ, ಹತ್ತನೆಯ ಸಲ ಗಟ್ಟಿಯಾಗಿ. ಅತ್ತೆ ಸೊಸೆ ಇಬ್ಬರೂ ಕೂತು ಮನೆತನದ ಗಂಡಸರ ಹೆಸರನ್ನೆಲ್ಲ ಸಾಲಿ ಹುಡುಗರು ಮಗ್ಗಿ ಹೇಳಿದ ಹಾಗೆ ಹೇಳಿದರು. ಸಂಜೆ ಭಾವ ಮನೆಗೆ ಬಂದಾಗ ಸಿದ್ದಲಿಂಗವ್ವ ಅವನ ಮುಖ ನೋಡಲಾರದೆ ಅಡಿಗೆಮನೆ ಹೊಕ್ಕಳು.

೧೯೭೭ರ ಚಳಿಗಾಲದಲ್ಲಿ ಎರಡನೆಯ ಸಲ ಕರೆ ಬಂತು. ಅಣ್ಣ ಹುಲ್ಲಪ್ಪ ಈ ಸಲ ಕರದಂಟು ತರಲಿಲ್ಲ. ಅದೇ ಕೋಣೆ, ಅದೇ ದುಭಾಷಿ. ಸಾಹೇಬ ಮಾತ್ರ ಬೇರೆ. ಬಿಳಿ ಕೂದಲಿನ ಒಬ್ಬ ಮೇಡಮ್ ಕೂತಿದ್ದರು. ದುಭಾಷಿಗೆ ಇವಳ ನೆನಪಿತ್ತು, ಗುರುತು ಹಿಡಿದು ಕೈ ಮುಗಿದ. "ಅಮ್ಮಾ, ನಿಮ್ಮ ಯಜಮಾನರನ್ನೂ ಅಲ್ಲಿ ಕರೆಸಿ ಪ್ರಶ್ನೆ ಕೇಳಿದ್ದಾರೆ. ಉತ್ತರ ಈ ಫೈಲಿನಲ್ಲಿದೆ. ನಿಮ್ಮದೂ ಅವರದೂ ಹೊಂದಬೇಕು, ಅಷ್ಟೇ" ಎಂದ. ಅಷ್ಟೇ ಅಂತೆ!

ಮೇಡಮ್ ಫೈಲಿನ ಮೊದಲ ಹಾಳೆ ತಿರುಗಿಸಿದರು. ದುಭಾಷಿ "ನಿಮ್ಮ" ಎಂದ.

"ಗಂಡ ಕಾಶಪ್ಪ ಮಾವ ಅಮಾತೆಪ್ಪ ಭಾವ ಮಹಾಂತಪ್ಪ ಲಗ್ನ ಆದದ್ದು ಹತ್ತೊಂಬತ್ತನೂರಾ ಅರವತ್ತೇಳನೇ ಇಸವಿ ಮೇ ತಿಂಗಳ!"

"ತಾಳಿ ಅಮ್ಮಾ, ತಾಳಿ. ಅವರು ಇನ್ನೂ ಕೇಳಿಯೇ ಇಲ್ಲ. 'ನಿಮ್ಮ ಆರೋಗ್ಯ ಹೇಗಿದೆ' ಎಂದರು."

ಮೇಡಮ್ ಬರೆದುಕೊಂಡರು. ಆದರೆ ಹಿಂದಿನ ವರ್ಷದ ಹಾಳೆಯನ್ನೂ ಪಕ್ಕದಲ್ಲಿಟ್ಟು ನೋಡಿದರು. ಹುಬ್ಬು ಗಂಟಿಕ್ಕಿತು. ದುಭಾಷಿ ಅವರ ಮಾತನ್ನು ತಗ್ಗಿದ ದನಿಯಲ್ಲಿ ಇಳಿಸಿದ: "ಕಳೆದ ವರ್ಷ ನೀವು ಒಂದು ಹೆಸರನ್ನೂ ನೆಟ್ಟಗೆ ಹೇಳಲಿಲ್ಲವಂತೆ. ಈಗ ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದೀರಂತೆ. ಯಾರಾದರೂ ಕಲಿಸಿಕೊಟ್ಟರೇ ಎಂದು ಕೇಳುತ್ತಿದ್ದಾರೆ."

"ಹೌದ್ರಿ. ನಮ್ಮತ್ತಿ ಕಲಿಸಿದ್ರು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹೇಳಬೇಕಾದಾಗ ಹೇಳಲಿಲ್ಲ, ಹೇಳಬಾರದ್ದನ್ನು ಕೇಳಿದ ಕೂಡಲೇ ಹೇಳಿದಳು! ಮೇಡಮ್ ಪೆನ್ನು ಕೆಳಗಿಟ್ಟರು. ಪ್ರಶ್ನೆಗಳ ಹಾಳೆಯನ್ನೂ ಪಕ್ಕಕ್ಕೆ ಸರಿಸಿ, ಕಾಶಪ್ಪನ ಉತ್ತರಗಳ ಹಾಳೆಗಳನ್ನು ತಿರುವಿದರು. ಸಂಗಯ್ಯನಾಗಲಿ ಅತ್ತೆಯಾಗಲಿ ಕಲಿಸಿರಲಾರದ ಪ್ರಶ್ನೆಯೊಂದನ್ನು ಅವರು ಹುಡುಕುತ್ತಿದ್ದಾರೆ ಎಂದು ಸಿದ್ದಲಿಂಗವ್ವನಿಗೂ ತಿಳಿಯಿತು. ಮೇಡಮ್ ಕೇಳಿದರು, ದುಭಾಷಿ ಹೇಳಿದ:

"ನಿಮ್ಮ ಗಂಡ ನಿಮ್ಮನ್ನು ಏನೆಂದು ಕರೆಯುತ್ತಾರೆ?"

ಸತ್ತೆ ಎಂದುಕೊಂಡಳು. ಏನು ಹೇಳುವುದು? ಸಿದ್ದಲಿಂಗವ್ವ ಎನ್ನಲೇ? ಸಿದ್ದೂ ಎನ್ನಲೇ? ಬೇರೆ ಮನೆಗಳಲ್ಲಿ ಗಂಡಂದಿರು ಏನೇನೋ ಮುದ್ದಿನ ಹೆಸರು ಇಟ್ಟಿರುತ್ತಾರಂತೆ. ಒಂದನ್ನು ಕಟ್ಟಿ ಹೇಳುವುದು ಅವಳಿಗೇನು ಕಷ್ಟ? ನಿಂತ ನಿಲುವಿನಲ್ಲಿ ಹತ್ತು ಕಟ್ಟಬಲ್ಲಳು. ಆದರೆ ಅಲ್ಲಿ ಆ ಮೂಗುದ್ದ ಮನುಷ್ಯ ಕಟ್ಟಿ ಹೇಳುವವನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿರುತ್ತಾನೆ.

"ಕರಿಯೂದಿಲ್ರಿ" ಎಂದಳು.

"ಹೆಸರು ಹಿಡಿದು ಕರೆಯುವುದಿಲ್ಲವೇ?"

"ಒಂದ ದಿನಾನೂ ಇಲ್ರಿ."

"ಮತ್ತೆ?"

"ಏ ಅಂತಾರ."

"ಅಷ್ಟೇ?"

"ಅಷ್ಟರಿ. ಏ ಅಂತಾರ, ನಾ ಹೊಳ್ಳಿ ನೋಡತೇನಿ."

ಹೇಳಿಬಿಟ್ಟು ತಲೆ ತಗ್ಗಿಸಿದಳು. ಈ ಸಲ ರೀತಿಗಾಗಿ ಅಲ್ಲ. ಹೆಂಡತಿಯ ಹೆಸರನ್ನೇ ಕರೆಯದ ಗಂಡ, ಗಂಡನ ಹೆಸರನ್ನೇ ಹೇಳದ ಹೆಂಡತಿ. ಇದಕ್ಕೆ ಮದುವೆ ಎನ್ನುತ್ತಾರೆಯೇ ಎಂದು ಯಾವ ದೇಶದವರಾದರೂ ಕೇಳಿಯಾರು. ಮೇಡಮ್ ಮತ್ತೆ ಆ ಹಾಳೆಗಳನ್ನು ತಿರುವಿದರು. ಹಿಂದಿನಿಂದ ನಾಲ್ಕನೆಯದೋ ಐದನೆಯದೋ ಹಾಳೆಯ ಮೇಲೆ ಬೆರಳಿಟ್ಟರು. ಓದಿದರು. ಮತ್ತೆ ಓದಿದರು. ಆ ಹಾಳೆಯನ್ನು ದುಭಾಷಿಯ ಕಡೆ ತಿರುಗಿಸಿದರು.

ದುಭಾಷಿ ಓದಿದ. ಏನನ್ನೂ ಸೇರಿಸುವ ಹಾಗಿಲ್ಲ ಎಂದಿದ್ದವನು ಮೇಡಮ್ ಮುಖ ನೋಡಿದ. ಅವರು ಹೇಳು ಎನ್ನುವಂತೆ ತಲೆ ಆಡಿಸಿದರು.

"ಅಮ್ಮಾ, ಇದು ನಿಮ್ಮ ಯಜಮಾನರ ಉತ್ತರ. 'ನಾನು ಅವಳನ್ನು ಹೆಸರು ಹಿಡಿದು ಕರೆದಿಲ್ಲ. ಏ ಅನ್ನುತ್ತೇನೆ. ಮಗ್ಗದ ಸದ್ದು ಎಷ್ಟೇ ಇರಲಿ, ಅವಳಿಗೆ ಕೇಳುತ್ತದೆ. ತಿರುಗಿ ನೋಡುತ್ತಾಳೆ.'"

ಮೇಡಮ್ ಮೊಹರನ್ನು ಎತ್ತಿ ಪಾಸ್‌ಪೋರ್ಟಿನ ಮೇಲೆ ಒತ್ತಿದರು. ಸಿದ್ದಲಿಂಗವ್ವ ಅದನ್ನು ನೋಡಲೇ ಇಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಂಥ ಕಚೇರಿಯಲ್ಲಿ, ಕೂಸಿನ ಹಾಗೆ ಗಳಗಳನೆ ಅತ್ತಳು. ಮೇಡಮ್ ಗಾಬರಿಯಾಗಿ ನೀರು ತರಿಸಿದರು, ಏನೋ ಕೇಳಿದರು.

"ಸಿಕ್ಕಿತಲ್ಲಾ, ಇನ್ನೇಕೆ ಅಳುತ್ತೀರಿ ಎಂದು ಕೇಳುತ್ತಿದ್ದಾರೆ ಅಮ್ಮಾ."

"ಏಳ ವರ್ಷ ಆತ್ರಿ" ಎಂದಳು ಸಿದ್ದಲಿಂಗವ್ವ. "ಊರಾಗ ಎಲ್ಲಾರೂ ನನ್ನ ಹೆಸರ ಹಿಡದ ಕರಿತಾರ. ಏ ಅನ್ನೋರ ಯಾರೂ ಇಲ್ಲ."